ಡೇಕೇರ್ ಶುಲ್ಕ ಯಾರ ಸಂಬಳದಿಂದ ಕಳೆಯಬೇಕು?

ನನ್ನ ಬಳಿ ಸಲಹೆಗೆ ಬಂದ ದಂಪತಿಯನ್ನು ವಿದ್ಯಾ, ಕಿರಣ್ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರು, ವಯಸ್ಸು, ಉದ್ಯೋಗದ ವಿವರ ಎಲ್ಲ ಬದಲಿಸಿದ್ದೇನೆ. ಮದುವೆಯಾಗಿ ಆರು ವರ್ಷ. ಆಕೆಗೆ 33, ಆತನಿಗೆ 36. ಆತನದು ಕಾಯಂ ಕೆಲಸ. ಆಕೆಯದು ವರ್ಷಕ್ಕೊಮ್ಮೆ ನವೀಕರಣವಾಗುವ ಗುತ್ತಿಗೆ ಕೆಲಸ, ಸಂಬಳ ಆತನಿಗಿಂತ ಸ್ವಲ್ಪ ಕಡಿಮೆ. ಮಗು ಬೇಕೋ ಬೇಡವೋ ಎಂದು ಮಾತು ತೆಗೆದಾಗಲೆಲ್ಲ ಅದು ಸರ್ಕಾರ, ತೆರಿಗೆ, ರಜೆ, ಭತ್ಯೆಗಳ ವಾದಕ್ಕೆ ಹೊರಳಿ, ಯಾರಾದರೊಬ್ಬರು ಎದ್ದುಹೋಗುವುದರಲ್ಲಿ ಮುಗಿಯುತ್ತಿತ್ತು. ಎರಡು ವರ್ಷ ಹೀಗೇ ಕಳೆದ ಮೇಲೆ ನನ್ನ ಬಳಿ ಬಂದರು.

ನನ್ನೆದುರೂ ಅದೇ ವಾದ ಶುರುವಾಯಿತು. ಕಿರಣ್ ಹೇಳಿದ್ದು: "ಮಗು ನಮಗೆ ಬೇಕು ಅಂತ ಪಡೆಯೋದು ಮೇಡಂ. ಮಕ್ಕಳೇ ಬೇಡ ಅಂತ ಇರೋರು ಕಟ್ಟೋ ತೆರಿಗೆಯಲ್ಲಿ ನಮ್ಮ ಮಗು ಸಾಕಿಕೊಡಿ ಅಂತ ಕೇಳೋದು ಹೇಗೆ?" ವಿದ್ಯಾ ತಕ್ಷಣ ತಿರುಗಿ ಬಿದ್ದರು: "ಅವರಿಗೆ ವಯಸ್ಸಾದಾಗ ಪಿಂಚಣಿಗೆ ದುಡ್ಡು ಎಲ್ಲಿಂದ ಬರುತ್ತೆ? ಆಸ್ಪತ್ರೆಯಲ್ಲಿ ನೋಡ್ಕೊಳ್ಳೋರು ಯಾರು? ಯಾರೋ ನಿದ್ದೆಗೆಟ್ಟು ಸಾಕಿದ ಮಕ್ಕಳೇ ತಾನೆ?" ಸ್ವೀಡನ್ನಿನಲ್ಲಿ ಅಪ್ಪ ಅಮ್ಮ ಹಂಚಿಕೊಳ್ಳಲು 480 ದಿನಗಳ ರಜೆ ಇದೆ, 1974ರಿಂದಲೇ ಅಪ್ಪಂದಿರಿಗೂ ಆ ಹಕ್ಕಿದೆ ಎಂದು ಆಕೆ ಓದಿಕೊಂಡಿದ್ದರು. "ಅಂಥ ವ್ಯವಸ್ಥೆ ಇದ್ದಿದ್ದರೆ ನಾನು ಇವತ್ತೇ ಹೂಂ ಅಂತಿದ್ದೆ" ಎಂದರು.

ಇಂಥ ಮಾತು ಬಂದಾಗ, ಅದೆಲ್ಲ ಹೊರಗಿನ ವಿಷಯ, ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ ಎಂದು ತಡೆಯುವ ಸಲಹೆಗಾರರಿದ್ದಾರೆ. ನಾನು ತಡೆಯುವುದಿಲ್ಲ. ದುಡಿಯುವ ದಂಪತಿಗೆ ರಜೆ ಎಷ್ಟು, ಡೇಕೇರ್ ಸಿಗುತ್ತದೋ ಇಲ್ಲವೋ, ಕೆಲಸ ಉಳಿಯುತ್ತದೋ ಇಲ್ಲವೋ ಎನ್ನುವುದು ಮನಸ್ಸಿನ ವಿಷಯವೇ. ರಾತ್ರಿ ನಿದ್ದೆ ಬಾರದಿರುವುದು ಅದಕ್ಕೇ. ಅವರಿಬ್ಬರ ವಾದದಲ್ಲಿ ನನ್ನ ನಿಲುವೇನೆಂದು ಕಿರಣ್ ನೇರವಾಗಿ ಕೇಳಿದರು, ನಾನೂ ನೇರವಾಗಿ ಹೇಳಿದೆ. ಮಗು ಬೇಕೆನ್ನುವ ನಿರ್ಧಾರ ಇಬ್ಬರದೇ ಇರಬಹುದು, ಆದರೆ ಬೆಳೆದ ಮಗು ಇಡೀ ಸಮಾಜಕ್ಕೆ ದುಡಿಯುತ್ತದೆ. ಖರ್ಚಿನಲ್ಲಿ ಸಮಾಜದ ಪಾಲು ಇರುವುದು ನ್ಯಾಯ, ಅದನ್ನು ಭಿಕ್ಷೆ ಎನ್ನಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ 1919ರಲ್ಲೇ ಹೆರಿಗೆ ರಕ್ಷಣೆಯ ಒಪ್ಪಂದ ಮಾಡಿತು. ಅದರ 2000ದ ಒಪ್ಪಂದ ಕನಿಷ್ಠ 14 ವಾರಗಳ ಹೆರಿಗೆ ರಜೆ ಕೊಡಬೇಕು ಎನ್ನುತ್ತದೆ. ಆ ಅವಧಿಯ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕು, ಒಬ್ಬೊಬ್ಬ ಮಾಲೀಕನ ತಲೆಗೇ ನೇರವಾಗಿ ಕಟ್ಟಬಾರದು ಎಂಬುದು ಅದರ ಸಾಮಾನ್ಯ ನಿಯಮ. ಮಾಲೀಕನೇ ಪೂರ್ತಿ ಹೊರಬೇಕಾದರೆ ಆತ ಮದುವೆಯಾದ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾನೆ. ಈ ಮಾತಿಗೆ ವಿದ್ಯಾ ತಲೆಯಾಡಿಸಿದರು. ಹಿಂದಿನ ಸಂದರ್ಶನವೊಂದರಲ್ಲಿ "ಸದ್ಯಕ್ಕೆ ಫ್ಯಾಮಿಲಿ ಪ್ಲಾನ್ ಏನಾದರೂ ಇದೆಯಾ?" ಎಂದು ಆಕೆಯನ್ನು ಕೇಳಿದ್ದರಂತೆ. ಕಿರಣ್‌ಗೆ ಅದು ಗೊತ್ತೇ ಇರಲಿಲ್ಲ.

ನಾನು ಹೆಚ್ಚು ಹೊತ್ತು ನಿಂತದ್ದು ಆಮೇಲೆ ಬಂದ ಇನ್ನೊಂದು ವಿಷಯದ ಮೇಲೆ. ಕಿರಣ್ ಫೋನಿನಲ್ಲಿ ಒಂದು ಎಕ್ಸೆಲ್ ಹಾಳೆ ತೆರೆದು ನನ್ನ ಮುಂದಿಟ್ಟರು. ಮೇಲಿನ ಸಾಲಿನಲ್ಲಿ ವಿದ್ಯಾ ಸಂಬಳ. ಅದರ ಕೆಳಗೆ ಒಂದೊಂದಾಗಿ ಕಳೆಯುತ್ತ ಹೋಗಿದ್ದರು: ಡೇಕೇರ್ ಶುಲ್ಕ, ಸಂಜೆ ತಡವಾದರೆ ನೋಡಿಕೊಳ್ಳುವವರಿಗೆ ಕೊಡುವ ದುಡ್ಡು, ಓಡಾಟದ ಖರ್ಚು, ಮಗುವಿಗೆ ಹುಷಾರಿಲ್ಲದ ದಿನಗಳ ಸಂಬಳ ಕಡಿತ. ಕೊನೆಯಲ್ಲಿ ಕೆಂಪಕ್ಷರದಲ್ಲಿ ಉಳಿದದ್ದು ಅತ್ಯಲ್ಪ. ಪಕ್ಕದ ಕಾಲಮ್ಮಿನಲ್ಲಿ ಕಿರಣ್ ಸಂಬಳ. ಬಾಡಿಗೆ, ಸಾಲದ ಕಂತು, ವಿಮೆ ಎಲ್ಲ ಅಲ್ಲಿತ್ತು. ಮಗುವಿಗೆ ಸಂಬಂಧಿಸಿದ ಒಂದು ಸಾಲೂ ಇರಲಿಲ್ಲ. "ಇಷ್ಟೇ ಉಳಿಯೋದಾದರೆ ಇವಳು ಅಷ್ಟು ಒದ್ದಾಡಬೇಕಾ ಮೇಡಂ? ನಾಲ್ಕೈದು ವರ್ಷ ಮನೆಯಲ್ಲಿದ್ದರೆ ಇವಳಿಗೂ ಆರಾಮ." ಅವರ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಹೆಂಡತಿ ಸೋತುಹೋಗುತ್ತಾಳೆ ಎಂಬ ಭಯವೂ ಇತ್ತು.

ವಿದ್ಯಾ ಆ ಹಾಳೆಯನ್ನು ಮೊದಲ ಸಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಈ ಲೆಕ್ಕದ ಪ್ರಕಾರ ಮಗು ನನ್ನೊಬ್ಬಳದೇ" ಎಂದರು.

ಎರಡು ವರ್ಷದ ಜಗಳದ ಗಂಟು ಇಲ್ಲಿದೆ ಎಂದು ನನಗನಿಸಿತು. ಡೇಕೇರ್ ಶುಲ್ಕವನ್ನು ತಾಯಿಯ ಸಂಬಳದಿಂದ ಮಾತ್ರ ಕಳೆಯುವ ಲೆಕ್ಕವನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಓದಿದವರು, ಸಮಾನತೆ ಮಾತಾಡುವವರು, ಹೆಣ್ಣುಮಕ್ಕಳು ಕೂಡ ಹೀಗೇ ಕಳೆಯುತ್ತಾರೆ. ಹಾಗೆ ಕಳೆದಾಗ ಉತ್ತರ ಮೊದಲೇ ನಿರ್ಧಾರವಾಗಿಬಿಡುತ್ತದೆ: ಅವಳು ಕೆಲಸ ಬಿಡುವುದೇ ಲಾಭ. ಆದರೆ ಡೇಕೇರ್ ಇದ್ದರೆ ತಾನೆ ಅಪ್ಪನೂ ಬೆಳಿಗ್ಗೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೊರಡುವುದು? ಬಾಡಿಗೆಯ ಹಾಗೆ ಅದೂ ಇಬ್ಬರ ಆದಾಯದ ಒಟ್ಟು ಮೊತ್ತದಿಂದ ಹೋಗಬೇಕಾದ ಮನೆಯ ಖರ್ಚು.

ಎರಡನೆಯ ದೋಷ ಅವಧಿಯದು. ಆ ಹಾಳೆ ಒಂದು ತಿಂಗಳಿನದು. ಮಗು ಡೇಕೇರ್‌ನಲ್ಲಿ ಇರುವುದು ಕೆಲವೇ ವರ್ಷ, ಕೆಲಸ ಬಿಟ್ಟದ್ದರ ಪರಿಣಾಮ ನಿವೃತ್ತಿಯವರೆಗೆ ಬರುತ್ತದೆ. ತಪ್ಪಿದ ಇನ್‌ಕ್ರಿಮೆಂಟು, ಬಡ್ತಿ, ನಿವೃತ್ತಿ ನಿಧಿಗೆ ಬೀಳದ ಕಂತು, ಮತ್ತೆ ಕೆಲಸಕ್ಕೆ ಸೇರಬೇಕಾದಾಗ ಕೆಳಗಿನಿಂದ ಶುರು ಮಾಡುವುದು, ಇದೊಂದೂ ಕೆಂಪಕ್ಷರದ ಆ ಸಂಖ್ಯೆಯಲ್ಲಿ ಇಲ್ಲ. ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಜೊತೆಗಾರರು ಡೆನ್ಮಾರ್ಕಿನ ದಾಖಲೆಗಳನ್ನಿಟ್ಟುಕೊಂಡು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮಗುವಾದ ಮೇಲೆ ಹೆಂಗಸರ ಗಳಿಕೆ ಗಂಡಸರಿಗೆ ಹೋಲಿಸಿದರೆ ದೀರ್ಘಕಾಲದಲ್ಲಿ ಸುಮಾರು ಶೇ 20ರಷ್ಟು ಕುಸಿದದ್ದು ಕಂಡಿತು. ಡೆನ್ಮಾರ್ಕ್ ಎಂದರೆ ಸರ್ಕಾರಿ ನೆರವಿನ ಡೇಕೇರ್ ಧಾರಾಳವಾಗಿರುವ ದೇಶ. ಇದನ್ನು ಹೇಳಿದ್ದು ವಿದ್ಯಾ ಕಿವಿಗೂ ಬೀಳಲಿ ಎಂದೇ. ಸವಲತ್ತು ಎಷ್ಟಿದ್ದರೂ ಮನೆಯೊಳಗಿನ ಪಾಲು ತಾನಾಗಿ ಸರಿಹೋಗುವುದಿಲ್ಲ.

"ಹಾಗಾದರೆ ಸವಲತ್ತು ಇದ್ದೂ ಏನು ಪ್ರಯೋಜನ?" ಎಂದರು ಕಿರಣ್. ಪ್ರಯೋಜನ ಇದೆ, ಹೇಗೆ ಕೊಡುತ್ತಾರೆ ಎನ್ನುವುದರ ಮೇಲೆ. ನಾರ್ವೆಯಲ್ಲಿ ರಜೆಯನ್ನು ಅಪ್ಪ ಅಮ್ಮ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದಿದ್ದಾಗ ತೆಗೆದುಕೊಂಡ ಅಪ್ಪಂದಿರು ಬೆರಳೆಣಿಕೆಯಷ್ಟು. 1993ರಲ್ಲಿ ನಾಲ್ಕು ವಾರ ಅಪ್ಪನಿಗೇ ಮೀಸಲು, ಆತ ತೆಗೆದುಕೊಳ್ಳದಿದ್ದರೆ ಅಷ್ಟೂ ಹೋಯಿತು ಎಂದು ನಿಯಮ ಮಾಡಿದರು. ಕೆಲವೇ ವರ್ಷಗಳಲ್ಲಿ ಬಹುಪಾಲು ಅಪ್ಪಂದಿರು ರಜೆ ಹಾಕತೊಡಗಿದರು. ಸ್ವೀಡನ್ನೂ 1995ರಲ್ಲಿ ಅದೇ ದಾರಿ ಹಿಡಿಯಿತು. ಗಂಡಸರ ಮನಸ್ಸು ಏಕಾಏಕಿ ಬದಲಾಯಿತು ಎಂದು ನನಗನಿಸುವುದಿಲ್ಲ. ಬಾಸ್ ಎದುರು ರಜೆ ಕೇಳಲು ಅವರಿಗೊಂದು ಕಾರಣ ಸಿಕ್ಕಿತು. "ನನ್ನ ಪಾಲು, ಬಿಟ್ಟರೆ ನಷ್ಟ" ಎನ್ನುವುದು ಆಫೀಸಿನಲ್ಲಿ ಎಲ್ಲರಿಗೂ ಅರ್ಥವಾಗುವ ಕಾರಣ.

ನಾನು ಕೊಟ್ಟ ಮೊದಲ ಸಲಹೆ ಆ ಹಾಳೆಯನ್ನು ಇಬ್ಬರೂ ಕೂತು ಹೊಸದಾಗಿ ಬರೆಯುವುದು. ಮೇಲೆ ಒಟ್ಟು ಆದಾಯ, ಕೆಳಗೆ ಮಗುವಿನ ಖರ್ಚು, ಹದಿನೈದು ವರ್ಷದವರೆಗೆ. ಅದರ ಜೊತೆಗೆ ದುಡ್ಡಿಲ್ಲದ ಇನ್ನೊಂದು ಹಾಳೆ: ಬೆಳಿಗ್ಗೆ ಹನ್ನೊಂದಕ್ಕೆ ಡೇಕೇರ್‌ನಿಂದ "ಮಗುವಿಗೆ ಜ್ವರ, ಬಂದು ಕರ್ಕೊಂಡು ಹೋಗಿ" ಎಂದು ಫೋನ್ ಬಂದರೆ ಯಾರ ನಂಬರಿಗೆ ಬರಬೇಕು? ಲಸಿಕೆಯ ದಿನ ಯಾರ ರಜೆ? ಡೇಕೇರ್ ಮುಚ್ಚಿರುವ ದಿನ ಯಾರು ಮನೆಯಲ್ಲಿ? ರಾತ್ರಿ ಎದ್ದವರು ಮರುದಿನ ಎಷ್ಟು ಹೊತ್ತಿಗೆ ಏಳಬಹುದು? "ನೋಡಿಕೊಳ್ಳೋಣ ಬಿಡು" ಎಂಬ ಉತ್ತರ ಸಲ್ಲದು ಎಂದು ಹೇಳಿದ್ದೆ. ಕಿರಣ್ ಬರೆದು ತಂದ ಹಾಳೆಯಲ್ಲಿ ಜ್ವರದ ಫೋನು ವಾರದಲ್ಲಿ ಮೂರು ದಿನ ತಮಗೆ, ಎರಡು ದಿನ ವಿದ್ಯಾಗೆ ಎಂದಿತ್ತು. ಕಾಯಂ ಕೆಲಸದವನಿಗೆ ರಜೆ ಕೇಳುವುದು ಸುಲಭ, ಗುತ್ತಿಗೆಯವಳಿಗೆ ಅದೇ ನವೀಕರಣಕ್ಕೆ ಕುತ್ತಾಗಬಹುದು ಎಂದು ಅವರೇ ಯೋಚಿಸಿ ಬರೆದಿದ್ದರು. ಎರಡು ವರ್ಷದಲ್ಲಿ ಅವನ ಬಾಯಲ್ಲಿ ಈ ಮಾತು ಬಂದದ್ದು ಇದೇ ಮೊದಲು ಎಂದು ವಿದ್ಯಾ ಕಣ್ಣೊರೆಸಿಕೊಂಡರು.

ಎರಡನೆಯ ಸಲಹೆ ಸವಲತ್ತುಗಳ ಬಗ್ಗೆ. ಬೇರೆ ದೇಶದ ರಜೆಯ ಬಗ್ಗೆ ಇಬ್ಬರಿಗೂ ಗೊತ್ತಿತ್ತು, ತಮ್ಮ ಆಫೀಸಿನ ನಿಯಮ ಇಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಎಚ್‌ಆರ್‌ಗೆ ಇಮೇಲ್ ಮಾಡಿ ಲಿಖಿತ ಉತ್ತರ ತೆಗೆದುಕೊಳ್ಳಿ ಎಂದೆ. ಗುತ್ತಿಗೆಯವರಿಗೆ ಹೆರಿಗೆ ರಜೆ ಉಂಟೇ, ರಜೆಯ ಮಧ್ಯೆ ಗುತ್ತಿಗೆ ಮುಗಿದರೆ ಏನು ಗತಿ, ರಜೆಯಲ್ಲಿ ಸಂಬಳ ಎಷ್ಟು ಪಾಲು, ವಿಮೆ ಮತ್ತು ನಿವೃತ್ತಿ ನಿಧಿ ಮುಂದುವರಿಯುತ್ತದೆಯೇ, ಅಪ್ಪನ ರಜೆಯನ್ನು ಹೆರಿಗೆಯಾಗಿ ಎಷ್ಟು ದಿನದೊಳಗೆ ಬಳಸಬೇಕು. ಸರ್ಕಾರಿ ನೆರವಿನಲ್ಲಿ ಅರ್ಜಿಯ ಗಡುವನ್ನೂ ಆದಾಯದ ಮಿತಿಯನ್ನೂ ನೋಡಬೇಕು. ಆದಾಯ ನೋಡಿ ಕೊಡುವ ನೆರವಿನಲ್ಲಿ ಗಳಿಕೆ ಏರಿದಂತೆ ಭತ್ಯೆ ಇಳಿಯುತ್ತದೆ. ಎರಡು ಮೂರು ನೆರವು ಒಟ್ಟಿಗೇ ಇಳಿದು ಮೇಲೆ ತೆರಿಗೆಯೂ ಏರಿದರೆ, ಹೆಚ್ಚು ದುಡಿದದ್ದರಲ್ಲಿ ಕೊನೆಗೆ ಕೈಗೆ ಬರುವುದು ಅತ್ಯಲ್ಪ, ಕೆಲವೊಮ್ಮೆ ಏನೂ ಇರುವುದಿಲ್ಲ. ದುಡಿಯುವ ಬಡ ಕುಟುಂಬಗಳನ್ನು ಇದು ಎಷ್ಟು ಹಿಂಡುತ್ತದೆ ಎಂದು ನೋಡಿದ್ದೇನೆ, ನೋಡುವಾಗ ಸಿಟ್ಟೇ ಬರುತ್ತದೆ. ವಿದ್ಯಾ, ಕಿರಣ್‌ಗೆ ಆ ಮಟ್ಟದ ಕಷ್ಟವಿಲ್ಲ. ಆದರೂ ಅರೆಕಾಲಿಕ ಕೆಲಸಕ್ಕೋ ಬಡ್ತಿಗೋ ಒಪ್ಪುವ ಮೊದಲು ಆ ಮಿತಿಗಳನ್ನು ನೋಡಿಕೊಳ್ಳಿ ಎಂದೆ.

ಇನ್ನೊಂದು ಭಯ ವಿದ್ಯಾ ಒಬ್ಬರೇ ಬಂದ ದಿನ ಹೊರಬಂತು. "ಡೇಕೇರ್‌ಗೆ ಬಿಟ್ಟರೆ ಮಗು ನನ್ನನ್ನ ಹಚ್ಚಿಕೊಳ್ಳದೇ ಇದ್ದರೆ?" ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಸರ್ಕಾರಿ ಅಧ್ಯಯನವೊಂದಿದೆ. ತಾಯಿಯೊಬ್ಬಳೇ ನೋಡಿಕೊಂಡ ಮಕ್ಕಳಿಗೂ ಇತರರೂ ನೋಡಿಕೊಂಡ ಮಕ್ಕಳಿಗೂ ಬೆಳವಣಿಗೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಡೇಕೇರ್‌ನ ಗುಣಮಟ್ಟ ಮುಖ್ಯ, ಅದಕ್ಕಿಂತ ಮುಖ್ಯ ಮನೆಯ ವಾತಾವರಣ. ತುಂಬಾ ಹೆಚ್ಚು ಗಂಟೆ ಕೇಂದ್ರದಲ್ಲೇ ಕಳೆದ ಮಕ್ಕಳಲ್ಲಿ ಸ್ವಲ್ಪ ಹೆಚ್ಚು ಹಟ, ಜಗಳ ಕಂಡದ್ದೂ ಅದರಲ್ಲಿದೆ. ಅದನ್ನು ಮುಚ್ಚಿಡದೆ ಹೇಳಿದೆ. ಹಾಗಾಗಿ ಡೇಕೇರ್ ನೋಡಲು ಹೋದಾಗ ಗೋಡೆಯ ಚಿತ್ರಗಳನ್ನಲ್ಲ, ಒಬ್ಬೊಬ್ಬರ ಕೈಯಲ್ಲಿ ಎಷ್ಟು ಕೂಸುಗಳಿವೆ, ಅಳುವ ಮಗುವನ್ನು ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತಾರೆ, ನೋಡಿಕೊಳ್ಳುವವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ನೋಡಲು ಹೇಳಿದೆ. ನೋಡಲು ಇಬ್ಬರೂ ಹೋಗಬೇಕು ಎಂದೂ ಸೇರಿಸಿದೆ.

ವಯಸ್ಸಿನ ಮಾತನ್ನೂ ಆಡಲೇಬೇಕಿತ್ತು. ಮೂವತ್ತೈದರ ನಂತರ ಗರ್ಭ ನಿಲ್ಲುವ ಸಾಧ್ಯತೆ ಬೇಗ ಬೇಗ ಇಳಿಯುತ್ತದೆ. ನಿರ್ಧಾರಕ್ಕೆ ಮೊದಲೇ ಇಬ್ಬರೂ ವೈದ್ಯರನ್ನು ಒಮ್ಮೆ ಕಂಡು ತಮಗೆಷ್ಟು ಸಮಯವಿದೆ ಎಂದು ತಿಳಿದುಕೊಂಡರೆ, ಸುಮ್ಮನೆ ಹೆದರಿ ಆತುರಪಡುವುದೂ ತಪ್ಪುತ್ತದೆ, ಸುಮ್ಮನೆ ಮುಂದೂಡುವುದೂ ತಪ್ಪುತ್ತದೆ. ಮಗು ಬೇಡ ಎಂದು ತೀರ್ಮಾನಿಸಿದರೂ ಅದು ಪೂರ್ಣವಾದ ಬದುಕೇ, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ ಎಂದು ಇಬ್ಬರಿಗೂ ಸ್ಪಷ್ಟವಾಗಿ ಹೇಳಿದೆ.

ಸದ್ಯಕ್ಕೆ ವಿದ್ಯಾ ಹೂಂ ಎಂದಿದ್ದಾರೆ, ಒಂದು ಷರತ್ತಿನ ಮೇಲೆ: ಈ ಸಲದ ಗುತ್ತಿಗೆ ನವೀಕರಣವಾಗಿ ಹೆರಿಗೆ ರಜೆಯ ಅಂಶ ಅದರಲ್ಲಿ ಬರಹದಲ್ಲಿ ಇರಬೇಕು. ಕಿರಣ್ ತೆರಿಗೆಯ ಬಗೆಗಿನ ತಮ್ಮ ಅಭಿಪ್ರಾಯ ಪೂರ್ತಿ ಬದಲಿಸಿಲ್ಲ, ಬದಲಿಸಬೇಕೆಂದು ನಾನೂ ಕೇಳಿಲ್ಲ. ಅವರ ಆಫೀಸಿನಲ್ಲಿ ಅಪ್ಪಂದಿರಿಗೆ ಇರುವ ರಜೆಯನ್ನು ಇದುವರೆಗೆ ಯಾರೂ ಪೂರ್ತಿ ತೆಗೆದುಕೊಂಡಿಲ್ಲವಂತೆ. ತಾವು ತೆಗೆದುಕೊಳ್ಳುವುದಾಗಿ ಮೇಲಧಿಕಾರಿಗೆ ಮೊದಲೇ ಹೇಳಿದ್ದಾರೆ. "ಅಷ್ಟು ದಿನ ಮನೆಯಲ್ಲಿ ಏನ್ ಮಾಡ್ತೀಯಪ್ಪ?" ಎಂದು ಅವರು ಕೇಳಿದರಂತೆ. ಮಗುವಾದ ಮೇಲೆ ಅದೇ ಒತ್ತಡ ಇನ್ನೂ ಜೋರಾಗಿ ಬರುತ್ತದೆ, ಆಗ ಏನು ಹೇಳಬೇಕು ಎಂಬುದರ ಬಗ್ಗೆ ಮುಂದಿನ ಭೇಟಿಯಲ್ಲಿ ಮಾತಾಡಲಿದ್ದೇವೆ.