ಮೆಲುದನಿಯ ಲಿಬೆರೊ ಕ್ಯಾಪ್ಟನ್ ಆಗಬಹುದಾ?

"ನಾನು ಮಾತು ಕಡಿಮೆ, ಆಡುವುದು ಲಿಬೆರೊ (ಹಿಂದಿನ ಸಾಲಿನಲ್ಲಷ್ಟೇ ಆಡುವ ರಕ್ಷಣಾ ಆಟಗಾರ್ತಿ) ಆಗಿ. ಕೋಚ್ ನನ್ನನ್ನೇ ಮಹಿಳಾ ವಾಲಿಬಾಲ್ ತಂಡದ ಕ್ಯಾಪ್ಟನ್ ಮಾಡ್ತೀನಿ ಅಂತಿದ್ದಾರೆ. ಸೀನಿಯರ್‌ಗಳಿಗೆ ಮುನಿಸು. ಒಪ್ಪಲಾ?" ಎಂದು ಕೇಳಿದ್ದೀರಿ. ಒಪ್ಪಿಕೊಳ್ಳಿ.

ಲಿಬೆರೊ ಕ್ಯಾಪ್ಟನ್ ಆಗುವಂತಿಲ್ಲ ಅನ್ನುವುದು ಹಳೇ ಮಾತು. ಅಂತರರಾಷ್ಟ್ರೀಯ ನಿಯಮದಲ್ಲಿ 2021ರಿಂದ ಆಗಬಹುದು. ನೀವು ಅಂಕಣದ ಹೊರಗಿದ್ದಾಗ ಮಾತ್ರ ಒಳಗಿರುವ ಇನ್ನೊಬ್ಬರು ಗೇಮ್ ಕ್ಯಾಪ್ಟನ್ ಆಗಿರಬೇಕು. ರೆಫರಿ ಹತ್ತಿರ ಆಗ ಅವರೇ ಮಾತಾಡುತ್ತಾರೆ. ಆ ಕೆಲಸಕ್ಕೆ ಮುನಿಸಿಕೊಂಡ ಸೀನಿಯರ್ ಒಬ್ಬರನ್ನೇ ಕೇಳಿ ನೋಡಿ!

ಇನ್ನು ಮಾತಿನ ವಿಷಯ. ಕ್ಯಾಪ್ಟನ್ ಆದ ಮೊದಲ ವರ್ಷ ನಾನು ಸುಮ್ನೆ ಕಿರುಚಾಡುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಕಣದಲ್ಲಿ ಬೇಕಿರುವುದು ಭಾಷಣ ಅಲ್ಲ, ಸರಿಯಾದ ಹೊತ್ತಿಗೆ ಒಂದು ಪದ. ಹಿಂದೆ ನಿಂತ ನಿಮಗೆ, ನೆಟ್ ಬಳಿ ಜಿಗಿದು ಕೈ ಒಡ್ಡುವ ಬ್ಲಾಕ್‌ನಲ್ಲಿ ಎಲ್ಲಿ ಸಂದು ಬಿಟ್ಟಿದೆ, ಎದುರಾಳಿಯ ಹಿಟ್ಟರ್ ಎತ್ತ ತಿರುಗಿದಳು, ಎಲ್ಲ ಕಾಣುತ್ತದೆ. "ಲೈನ್" (ಪಕ್ಕದ ಗೆರೆಯುದ್ದ ಬರುವ ಹೊಡೆತ), "ಟಿಪ್" (ಬೆರಳಲ್ಲಿ ಮೆಲ್ಲಗೆ ದಾಟಿಸುವ ಚೆಂಡು), "ನನ್ನದು" ಅಂತ ಗಟ್ಟಿಯಾಗಿ ಕೂಗಿ. ಅಷ್ಟು ಅಭ್ಯಾಸ ಆದರೆ ಉಳಿದದ್ದು ತಾನಾಗಿ ಬರುತ್ತದೆ. ಟೈಮ್‌ಔಟ್ ಇರುವುದೇ 30 ಸೆಕೆಂಡು, ಅದರಲ್ಲಿ ಒಂದೇ ವಿಷಯ ಹೇಳಿ. ಯಾರಾದರೂ ತಪ್ಪು ಮಾಡಿದರೆ ಎಲ್ಲರೆದುರು ಬೈಯಬೇಡಿ, ಆಮೇಲೆ ಒಬ್ಬರನ್ನೇ ಕರೆದು ಮಾತಾಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಜಿಗಿಯುವ ಆಟಗಳಲ್ಲಿ ಮೊಣಕಾಲಿನ ಎಸಿಎಲ್ (ಕೀಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಗಾಯ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮಂಡಿ ಬಗ್ಗಿಸಿ, ಒಳಕ್ಕೆ ವಾಲದ ಹಾಗೆ ನೆಲಕ್ಕಿಳಿಯುವುದನ್ನು ವಾರ್ಮ್‌ಅಪ್‌ನಲ್ಲೇ ಸೇರಿಸಿ. ಕ್ಯಾಪ್ಟನ್ ಆಗಿ ಮೊದಲ ದಿನವೇ ಇದನ್ನು ಶುರು ಮಾಡಬಹುದು, ಅಲ್ವಾ?