ಕ್ರೂಸ್ ಹಡಗಿನಲ್ಲಿ ಮಕ್ಕಳನ್ನು ಎಷ್ಟನೇ ವಯಸ್ಸಿನಿಂದ ಒಂಟಿಯಾಗಿ ಬಿಡಬಹುದು?

ಒಂಬತ್ತು ವರ್ಷದ ಮಗ ಬಡಾವಣೆಯಲ್ಲೆಲ್ಲ ಒಬ್ಬನೇ ಓಡಾಡುತ್ತಾನೆ, ಆರು ವರ್ಷದ ತಂಗಿಯನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಬರುತ್ತಾನೆ. ಹಾಗಾದರೆ ಹಡಗಿನಲ್ಲಿ ಇಬ್ಬರನ್ನೂ ರಾತ್ರಿ ಕೋಣೆಯಲ್ಲಿ ಬಿಟ್ಟು ನಾವು ಪ್ರದರ್ಶನ ನೋಡಲು ಹೋಗಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನೂ ಹಾಕಿದ್ದೆ.

ನಮ್ಮ ಮಗಳಿಗೆ ಆಗ ಹತ್ತು ವರ್ಷ. ಬಸವನಗುಡಿಯಲ್ಲಿ ಮನೆ. ಸಂಗೀತ ಪಾಠಕ್ಕೆ ಒಬ್ಬಳೇ ಹೋಗುತ್ತಿದ್ದಳು, ಬರುವಾಗ ಕೊತ್ತಂಬರಿ, ಕರಿಬೇವು ಕೊಂಡು ಚಿಲ್ಲರೆ ಎಣಿಸಿ ತರುತ್ತಿದ್ದಳು. ಬೆಂಗಳೂರಿನಿಂದ ವಿಮಾನದಲ್ಲಿ ಸಿಂಗಪುರಕ್ಕೆ ಹೋಗಿ ಅಲ್ಲಿ ಹಡಗು ಹತ್ತಿದೆವು. ನಾನು, ನನ್ನ ಗಂಡ, ಮಗಳು, ಅತ್ತೆಯವರು. ಹಡಗಿನ ಸಿಬ್ಬಂದಿ ಮಕ್ಕಳನ್ನು ಆಡಿಸಿ ನೋಡಿಕೊಳ್ಳುವ ಮಕ್ಕಳ ಕ್ಲಬ್ಬಿನಲ್ಲಿ ಹೆಸರು ಬರೆಸುವಾಗ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಮಗು ತಾನಾಗಿಯೇ ಹೊರಗೆ ಹೋಗಬಹುದೇ? ತೀರ ಚಿಕ್ಕ ಮಕ್ಕಳಿಗೆ ಆ ಅವಕಾಶವೇ ಇರುವುದಿಲ್ಲ. ಒಂಬತ್ತು ಹತ್ತು ವರ್ಷದವರ ವಿಷಯದಲ್ಲಿ ಕೆಲವು ಹಡಗುಗಳು ತೀರ್ಮಾನವನ್ನು ತಂದೆತಾಯಿಗೆ ಬಿಡುತ್ತವೆ. ಹಿಂದೆ ಸಾಲು ನಿಂತಿತ್ತು. ಹೌದು ಎಂದು ಗುರುತು ಹಾಕಿದೆ. ಮಗಳಿಗೆ, "ಬೇಜಾರಾದರೆ ಬಂದುಬಿಡು" ಎಂದೆ.

ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ಅದೇ ಕಾರಣ. ಬಂದುಬಿಡು ಎಂದರೆ ಎಲ್ಲಿಗೆ? ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಸವನಗುಡಿಯಲ್ಲಿ ಹಾಗೆಂದರೆ ಮನೆಗೆ ಎಂದೇ ಅರ್ಥ. ಹಡಗಿನಲ್ಲಿ ಮನೆ ಯಾವುದು? ಅವಳ ಮನಸ್ಸಿನಲ್ಲಿದ್ದದ್ದು ನಮ್ಮನ್ನು ಕೊನೆಯದಾಗಿ ನೋಡಿದ ಊಟದ ಹಾಲ್. ನಾವು ಅಷ್ಟರಲ್ಲಿ ರಂಗಮಂದಿರಕ್ಕೆ ಹೋಗಿ ಕುಳಿತಿದ್ದೆವು. ಅವಳು ಹೋದಾಗ ಹಾಲ್ ಮುಚ್ಚಿತ್ತು. ಕೋಣೆಗೆ ಹೋಗೋಣವೆಂದು ಲಿಫ್ಟ್ ಹತ್ತಿದಳು. ಹಡಗಿನ ಎರಡು ತುದಿಗೂ ಲಿಫ್ಟುಗಳಿವೆ, ಅವಳು ಹತ್ತಿದ್ದು ನಮ್ಮ ಕೋಣೆಗೆ ದೂರವಾದ ತುದಿಯದು. ಎಂಟನೇ ಡೆಕ್, ಅಂದರೆ ಎಂಟನೇ ಮಹಡಿ, ಎಂಬುದು ನೆನಪಿತ್ತು, ಕೋಣೆಯ ಸಂಖ್ಯೆ ನೆನಪಿರಲಿಲ್ಲ. ಗೋಡೆಯ ಮೇಲಿದ್ದ ನೀಲಿ ಚಿತ್ರವೊಂದನ್ನು ಗುರುತಿಟ್ಟುಕೊಂಡಿದ್ದಳು. ಅಂಥದೇ ಚಿತ್ರ ಆ ಓಣಿಯಲ್ಲೂ ಇತ್ತು. ಒಂದೇ ಬಣ್ಣದ ಬಾಗಿಲುಗಳು, ಒಂದೇ ಜಮಖಾನೆ, ನಡೆದಷ್ಟೂ ಮುಗಿಯದ ಓಣಿ. ಕೊನೆಗೆ, ಅಜ್ಜಿ ಸಂಜೆ ಗಾಳಿಗೆ ಕೂರುತ್ತಿದ್ದ ಜಾಗ ನೆನಪಾಗಿ ಈಜುಕೊಳದ ಡೆಕ್ಕಿಗೆ ಹತ್ತಿಹೋದಳು. ಕತ್ತಲೆ, ಜೋರು ಗಾಳಿ, ಪಕ್ಕದಲ್ಲೇ ನೀರು ತುಂಬಿದ ಕೊಳ. ಅಜ್ಜಿ ಕೋಣೆಯಲ್ಲಿ ಮಲಗಿದ್ದರು.

ಕುರ್ಚಿ ಜೋಡಿಸುತ್ತಿದ್ದ ಸಿಬ್ಬಂದಿಯೊಬ್ಬರು ಮಾತನಾಡಿಸಿದರು. ಅವಳು ಕೊರಳಲ್ಲಿದ್ದ ಕಾರ್ಡನ್ನು ಎತ್ತಿ ತೋರಿಸಿದಳು. ಕಾರ್ಡಿನಲ್ಲಿ ಹೆಸರಿತ್ತು, ಹಡಗಿನ ಹೆಸರಿತ್ತು, ತುರ್ತು ಸಮಯದಲ್ಲಿ ಸೇರಬೇಕಾದ ಜಾಗದ ಗುರುತಿತ್ತು. ಕೋಣೆಯ ಸಂಖ್ಯೆ ಮಾತ್ರ ಇರಲಿಲ್ಲ. ಕಾರ್ಡು ಬೇರೆಯವರ ಕೈಗೆ ಸಿಕ್ಕರೆ ಕೋಣೆಗೆ ನುಗ್ಗದಿರಲಿ ಎಂದು ಬಹುತೇಕ ಹಡಗುಗಳಲ್ಲಿ ಅದನ್ನು ಅಚ್ಚು ಹಾಕುವುದಿಲ್ಲ. ಆ ಪುಣ್ಯಾತ್ಮರು ಅವಳನ್ನು ರಿಸೆಪ್ಷನ್ ಕೌಂಟರಿಗೆ ಕರೆದುಕೊಂಡು ಹೋದರು. ಅಲ್ಲಿಂದ ಕೋಣೆಗೆ ಫೋನ್ ಮಾಡಿದರೆ ಎತ್ತಿಕೊಂಡವರು ಅತ್ತೆಯವರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬೆಳಗಿನ ತಿಂಡಿಯ ವಿಚಾರವಿರಬೇಕೆಂದು ಇಟ್ಟುಬಿಟ್ಟರು. ನಮ್ಮಿಬ್ಬರ ಮೊಬೈಲುಗಳೂ ರೋಮಿಂಗ್ ಖರ್ಚಿಗೆ ಹೆದರಿ ಫ್ಲೈಟ್ ಮೋಡಿನಲ್ಲಿದ್ದವು.

ಇಷ್ಟು ಹೊತ್ತೂ ನಾವು ಅವಳನ್ನು ಹುಡುಕುತ್ತಿರಲಿಲ್ಲ. ಹುಡುಕಬೇಕೆಂಬುದೇ ಗೊತ್ತಿರಲಿಲ್ಲ. ಪ್ರದರ್ಶನ ಮುಗಿಸಿ ಕ್ಲಬ್ಬಿಗೆ ಹೋದಾಗ, ಅವಳು ಆಗಲೇ ಹೊರಟುಹೋದಳಲ್ಲ ಎಂದರು. ರಿಸೆಪ್ಷನ್ ತಲುಪುವವರೆಗಿನ ಆ ಓಟವನ್ನು ಬರೆಯಲು ನನ್ನಿಂದಾಗದು. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. "ನೀವು ಹೇಳದೆ ಎಲ್ಲಿಗೆ ಹೋದಿರಿ?" ಎಂದಳು. ಪ್ರವಾಸದ ಉಳಿದ ದಿನಗಳಲ್ಲಿ ಕ್ಲಬ್ಬಿನ ಕಡೆ ತಲೆಯೂ ಹಾಕಲಿಲ್ಲ. ಬೆಂಗಳೂರಿಗೆ ಬಂದ ಮೇಲೂ ಬಹಳ ದಿನ ಸಂಗೀತ ಪಾಠಕ್ಕೆ ನಾನೇ ಜೊತೆಗೆ ಹೋಗಬೇಕಾಯಿತು. ನಾವು ತೆತ್ತ ಬೆಲೆ ಅದು. ಎರಡು ವರ್ಷ ಕಷ್ಟಪಟ್ಟು ಬೆಳೆಸಿದ್ದ ಧೈರ್ಯ ಒಂದು ಸಂಜೆಗೆ ಹೋಯಿತು.

ಹಾಗೆ ಅವಳ ಜೊತೆ ನಡೆಯುವಾಗಲೇ ನನ್ನ ಕಣ್ಣು ತೆರೆದದ್ದು. ಹೂವಿನವರು, "ಏನು ಪುಟ್ಟ, ಇವತ್ತು ಅಮ್ಮ ಬಂದಿದ್ದಾರೆ?" ಎಂದು ಕೇಳಿದರು. ಇಸ್ತ್ರಿ ಅಂಗಡಿಯವರು ಕೈ ಎತ್ತಿದರು. ಅವಳು ಒಬ್ಬಳೇ ಓಡಾಡುತ್ತಾಳೆ ಎಂದು ನಾನು ಹೆಮ್ಮೆಪಡುತ್ತಿದ್ದೆ, ಆದರೆ ಇಡೀ ಬೀದಿ ಅವಳನ್ನು ಕಾಯುತ್ತಿತ್ತು. ನಿಮ್ಮ ಮಗನನ್ನೂ ನಿಮ್ಮ ಬಡಾವಣೆ ಹಾಗೆಯೇ ಕಾಯುತ್ತಿದೆ. ಆದ್ದರಿಂದ ಅಂಗಡಿಗೆ ಹೋಗಿಬರುವುದನ್ನು ಹಡಗಿಗೆ ಅರ್ಹತೆ ಎಂದು ಎಣಿಸಬೇಡಿ. ಎಷ್ಟನೇ ವಯಸ್ಸು ಎಂಬ ಪ್ರಶ್ನೆಯನ್ನೂ ಬಿಟ್ಟುಬಿಡಿ. ಕೋಣೆಯ ಸಂಖ್ಯೆಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆಯೇ? ದಾರಿ ತಪ್ಪಿದಾಗ ಸಮವಸ್ತ್ರದಲ್ಲಿರುವ ಅಪರಿಚಿತರ ಬಳಿ ಹೋಗಿ, ದಾರಿ ತಪ್ಪಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಲು ಸಂಕೋಚಪಡುವುದಿಲ್ಲವೇ? ಅಷ್ಟು ಬಂದರೆ ಹಗಲಿನಲ್ಲಿ, ಇಂಥ ಜಾಗದಿಂದ ಇಂಥ ಜಾಗಕ್ಕೆ ಎಂದು ಗೊತ್ತುಮಾಡಿ ಕಳುಹಿಸಿ. ಆ ಜಾಗ ಹಗಲೂ ರಾತ್ರಿ ಜನರಿರುವ ರಿಸೆಪ್ಷನ್ ಕೌಂಟರೇ ಆಗಿದ್ದರೆ ಇನ್ನೂ ಒಳ್ಳೆಯದು.

ತಂಗಿಯನ್ನು ಅವನ ಮೇಲೆ ಬಿಡುವ ಮಾತನ್ನು ಮಾತ್ರ ಖಂಡಿತ ಒಪ್ಪುವುದಿಲ್ಲ. ಒಂಬತ್ತು ವರ್ಷದ ಹುಡುಗ ಅಣ್ಣನಾಗಿದ್ದರೆ ಸಾಕು, ಕಾವಲುಗಾರನಾಗಬೇಕಿಲ್ಲ. ಬಾಲ್ಕನಿ ಇರುವ ಕೋಣೆಯಾದರೆ ಆ ಯೋಚನೆಯೇ ಬೇಡ. ಅಮೆರಿಕದ 2010ರ ಕಾನೂನು ಹಡಗಿನ ಕಂಬಿಗಳು 42 ಇಂಚಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಅಷ್ಟು ಎತ್ತರ ಆರು ವರ್ಷದ ಮಗುವಿನ ಮೂಗಿಗೋ ಕಣ್ಣಿಗೋ ಬರುತ್ತದೆ. ಬಾಲ್ಕನಿಯಲ್ಲಿ ಯಾವಾಗಲೂ ಇರುವ ಕುರ್ಚಿಯನ್ನು ಎಳೆದು ಅದರ ಮೇಲೆ ಹತ್ತಿತೆಂದರೆ ಕಂಬಿ ಸೊಂಟದ ಹತ್ತಿರಕ್ಕೆ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಇಟಲಿಯ ಜಿಲ್ಯೊ ದ್ವೀಪದ ಬಳಿ ಬಂಡೆಗೆ ಬಡಿದದ್ದು 2012ರ ಜನವರಿ 13ರ ರಾತ್ರಿ, ಬಹಳ ಜನ ಇನ್ನೂ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ. 32 ಮಂದಿ ಸತ್ತರು. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಸುರಕ್ಷತಾ ತಾಲೀಮು ಮುಗಿಯಲೇಬೇಕೆಂಬ ನಿಯಮ ಬಿಗಿಯಾದದ್ದು ಅದರ ಅನಂತರ. ತುರ್ತು ಸಂಕೇತವಾದ ಏಳು ಗಿಡ್ಡ ಸಿಳ್ಳು, ಒಂದು ಉದ್ದ ಸಿಳ್ಳು ಕೇಳಿಸಿದರೆ ಸಾವಿರಾರು ಜನ ಮೆಟ್ಟಿಲಿಗೆ ನುಗ್ಗುತ್ತಾರೆ. ಆಗ ಮಕ್ಕಳು ಮೇಲಿನ ಡೆಕ್ಕಿನ ಕೋಣೆಯಲ್ಲಿ ಮಲಗಿದ್ದರೆ ನೀವು ಆ ಜನರ ಎದುರಿಗೆ ಹತ್ತಬೇಕು. ಕ್ಲಬ್ಬಿನ ಮಕ್ಕಳಿಗಾದರೆ ಸೇರುವ ಜಾಗದ ಗುರುತಿರುವ ಕೈಪಟ್ಟಿಯನ್ನು ಅನೇಕ ಹಡಗುಗಳಲ್ಲಿ ಕಟ್ಟಿರುತ್ತಾರೆ, ಸಿಬ್ಬಂದಿಯೇ ಕರೆತರುತ್ತಾರೆ. ಆದ್ದರಿಂದ ಕ್ಲಬ್ಬಿಗೆ ಧಾರಾಳವಾಗಿ ಬಿಡಿ. ಆದರೆ ಆ ಅರ್ಜಿಯಲ್ಲಿ ಇಲ್ಲ ಎಂದೇ ಬರೆಯಿರಿ, ನೀವೇ ಹೋಗಿ ಕರೆದುಕೊಂಡು ಬನ್ನಿ. ಈಜುಕೊಳದ ಬಳಿ ಜೀವರಕ್ಷಕರಿಲ್ಲದ ಹಡಗುಗಳು ಎಷ್ಟೋ ಇವೆ, ಅಲ್ಲಿಗೆ ಒಂಟಿಯಾಗಿ ಬೇಡವೇ ಬೇಡ.

ಪ್ರದರ್ಶನ ಸಾಮಾನ್ಯವಾಗಿ ಒಂದೇ ಸಂಜೆ ಎರಡು ಬಾರಿ ಇರುತ್ತದೆ. ಒಂದಕ್ಕೆ ನೀವು ಹೋಗಿ, ಇನ್ನೊಂದಕ್ಕೆ ನಿಮ್ಮವರು ಹೋಗಲಿ. ಅಜ್ಜಿ ತಾತ ಜೊತೆಗೆ ಬರುತ್ತಿದ್ದರೆ, ಕೋಣೆಯ ಫೋನ್ ಬಂದಾಗ ಇಡದೆ ಹಿಡಿದುಕೊಂಡಿರಲು ಹೇಳಿ, "ಪ್ಲೀಸ್ ಕಮ್ ಟು ದಿ ರೂಮ್" ಎಂಬ ಒಂದು ವಾಕ್ಯವನ್ನು ಕನ್ನಡ ಲಿಪಿಯಲ್ಲೇ ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.