ತೊಂಬತ್ತು ಡಿಗ್ರಿಯ ಹಟ

ಮಾನ್ಯರೆ,

ಪೆಲ್ಲೇಡಿಯಂನ ಆರ್ಗ್ಯಾನೊಮೆಟಾಲಿಕ್ (ಲೋಹ-ಇಂಗಾಲ ಬಂಧವುಳ್ಳ) ಸಂಕೀರ್ಣಗಳ ಆಕಾರವನ್ನು ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಪೆಲ್ಲೇಡಿಯಂ ಬಳಸಿ ಇಂಗಾಲದ ಗುಂಪುಗಳನ್ನು ಜೋಡಿಸುವ ಕ್ರಿಯೆಗಳಿಗಾಗಿ 2010ರ ನೊಬೆಲ್ ಪಡೆದ ಹೆಕ್, ನೆಗಿಶಿ, ಸುಜುಕಿ ಅವರಿಂದ ಆರಂಭಿಸಿದ್ದೂ ಸರಿಯೇ. ಆದರೆ ಎರಡನೆಯ ಪುಟದ ಎರಡು ವಾಕ್ಯಗಳನ್ನು ಹಾಗೆಯೇ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

‘ನಾಲ್ಕು ಲಿಗ್ಯಾಂಡ್‌ಗಳು ಪರಸ್ಪರ ವಿಕರ್ಷಿಸುವುದರಿಂದ ಸಂಕೀರ್ಣವು ಸಮತಲ ಚೌಕದ ಆಕಾರ ತಾಳುತ್ತದೆ’ ಎಂದಿದ್ದೀರಿ. ವಿಕರ್ಷಣೆಯೊಂದೇ ಕಾರಣವಾಗಿದ್ದರೆ ಲಿಗ್ಯಾಂಡ್‌ಗಳು, ಅಂದರೆ ಲೋಹಕ್ಕೆ ಅಂಟಿದ ಗುಂಪುಗಳು, ಆದಷ್ಟು ದೂರ ಸರಿದು, 109.5 ಡಿಗ್ರಿ ಕೋನದಲ್ಲಿ, ನಾಲ್ಕು ತ್ರಿಕೋನ ಮುಖಗಳ ಟೆಟ್ರಾಹೆಡ್ರನ್ನಿನ ಮೂಲೆಗಳಲ್ಲಿ ನಿಲ್ಲಬೇಕಿತ್ತು. ಚೌಕಕ್ಕೆ ಕಾರಣ ಲೋಹದ ಎಂಟು ಡಿ-ಎಲೆಕ್ಟ್ರಾನುಗಳು, ಅಂದರೆ ಅದರ ಐದು ಡಿ-ಆರ್ಬಿಟಲ್ ಎಂಬ ನೆಲೆಗಳಲ್ಲಿ ಇರುವ ಎಲೆಕ್ಟ್ರಾನುಗಳು. ಲಿಗ್ಯಾಂಡ್‌ಗಳು ಒಂದೇ ಸಮತಲದಲ್ಲಿದ್ದಾಗ ಅವುಗಳತ್ತ ನೇರವಾಗಿ ಚಾಚಿದ ಡಿ-ಆರ್ಬಿಟಲ್‌ನ ಶಕ್ತಿ ಬಹಳ ಮೇಲೇರುತ್ತದೆ. ಅದೊಂದನ್ನು ಖಾಲಿ ಬಿಟ್ಟು ಎಂಟೂ ಎಲೆಕ್ಟ್ರಾನುಗಳು ಉಳಿದ ನಾಲ್ಕರಲ್ಲಿ ಜೋಡಿಯಾಗಿ ನೆಲೆಸುತ್ತವೆ. ಅದೇ ಗುಂಪಿನ ನಿಕಲ್‌ನಲ್ಲಿ ಈ ಶಕ್ತಿಯ ಅಂತರ ಚಿಕ್ಕದು. ಆದ್ದರಿಂದಲೇ ನಾಲ್ಕು ಕ್ಲೋರೈಡ್‌ಗಳಿರುವ ನಿಕಲ್ ಅಯಾನು ಟೆಟ್ರಾಹೆಡ್ರಲ್, ಪೆಲ್ಲೇಡಿಯಂನದು ಚೌಕ. ಇನ್ನು ಹತ್ತು ಡಿ-ಎಲೆಕ್ಟ್ರಾನುಗಳ ಶೂನ್ಯ ಸ್ಥಿತಿಯ (ಎಲೆಕ್ಟ್ರಾನು ಕಳೆದುಕೊಳ್ಳದ) ಪೆಲ್ಲೇಡಿಯಂಗೆ ಆರ್ಬಿಟಲ್ ಖಾಲಿ ಬಿಡುವ ಈ ಅನುಕೂಲವೇ ಇಲ್ಲ. ನಾಲ್ಕು ಟ್ರೈಫಿನೈಲ್‌ಫಾಸ್ಫೀನ್‌ಗಳೊಡನೆ ಅದು ಟೆಟ್ರಾಹೆಡ್ರಲ್ ಆಗಿಯೇ ನಿಲ್ಲುತ್ತದೆ.

ಎರಡನೆಯ ವಾಕ್ಯ ನನ್ನನ್ನು ನಿಜಕ್ಕೂ ಕೆರಳಿಸಿತು: ‘ಸಿಸ್, ಟ್ರಾನ್ಸ್ ಎಂಬ ರೂಪಗಳಿದ್ದರೂ ಕೋನಗಳೆಲ್ಲ 90 ಡಿಗ್ರಿಯೇ ಆಗಿರುವುದರಿಂದ ವ್ಯತ್ಯಾಸ ಗೌಣ.’ ಒಂದೇ ಬಗೆಯ ಎರಡು ಲಿಗ್ಯಾಂಡ್‌ಗಳು ಅಕ್ಕಪಕ್ಕದಲ್ಲಿದ್ದರೆ ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್. ನಾನು ಸಂಶೋಧನೆಗೆ ಸೇರಿದ ಹೊಸದರಲ್ಲಿ, ಹರಳಿನ ಎಕ್ಸ್-ರೇ ದತ್ತಾಂಶದ ಪಟ್ಟಿ ಕೈಗೆ ಬಂದೊಡನೆ, ಲೋಹದ ಸುತ್ತಲಿನ ಅಕ್ಕಪಕ್ಕದ ನಾಲ್ಕು ಕೋನಗಳನ್ನು ಪೆನ್ಸಿಲ್ಲಿನಲ್ಲಿ ಕೂಡಿ ತೋರಿಸದ ಹೊರತು ನಮ್ಮ ಮಾರ್ಗದರ್ಶಕರು ಬೇರೆ ಮಾತೇ ಆಡುತ್ತಿರಲಿಲ್ಲ. ಮೊತ್ತ 360ರ ಆಸುಪಾಸಿಗೆ ಬರುತ್ತಿತ್ತು, ಆದರೆ ನಾಲ್ಕೂ ತೊಂಬತ್ತಾಗಿದ್ದನ್ನು ನಾನು ಕಂಡದ್ದು ಅಪರೂಪ. ಎರಡು ರಂಜಕಗಳ ನಡುವೆ ಎರಡೇ ಇಂಗಾಲಗಳ ಸೇತುವೆಯುಳ್ಳ ಡಿಪಿಪಿಇ ಲಿಗ್ಯಾಂಡ್, ಪೆಲ್ಲೇಡಿಯಂ ಡೈಕ್ಲೋರೈಡ್‌ನಲ್ಲಿ ರಂಜಕ-ಲೋಹ-ರಂಜಕ ಕೋನವನ್ನು ಸುಮಾರು 86ಕ್ಕೆ ಬಿಗಿಯುತ್ತದೆ. ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತವೇ ಬೆನ್ನೆಲುಬಾದ ಡಿಪಿಪಿಎಫ್ ಲಿಗ್ಯಾಂಡ್ ಅದನ್ನು ಸುಮಾರು 99ಕ್ಕೆ ಹಿಗ್ಗಿಸುತ್ತದೆ, ಎದುರಿನ ಎರಡು ಕ್ಲೋರಿನ್‌ಗಳು ಹತ್ತಿರ ಸರಿಯುತ್ತವೆ. ಜೋಡಣೆಯ ಕ್ರಿಯೆಗಳಲ್ಲಿ ಡಿಪಿಪಿಎಫ್ ಅಷ್ಟು ಬಳಕೆಗೆ ಬರಲು ಈ ಹಿಗ್ಗೂ ಒಂದು ಕಾರಣ, ಏಕೆಂದರೆ ಕೊನೆಯ ಹಂತದಲ್ಲಿ ಎರಡು ಇಂಗಾಲ ಗುಂಪುಗಳು ಒಂದನ್ನೊಂದು ಕೂಡಿಕೊಂಡು ಲೋಹವನ್ನು ಬಿಡಬೇಕು. ಅವು ಎದುರುಬದುರಾಗಿದ್ದರೆ ಕೂಡುವುದಾದರೂ ಹೇಗೆ? 1980ರಲ್ಲಿ ರಸಾಯನಶಾಸ್ತ್ರಜ್ಞ ಸ್ಟಿಲೆ ಅವರ ತಂಡ ಎರಡು ಮೀಥೈಲ್‌ಗಳುಳ್ಳ ಪೆಲ್ಲೇಡಿಯಂ ಸಂಕೀರ್ಣಗಳಲ್ಲಿ ಇದನ್ನೇ ಪರೀಕ್ಷಿಸಿತು. ಸಿಸ್ ಸಂಕೀರ್ಣಗಳು ಎರಡು ಮೀಥೈಲ್‌ಗಳು ಕೂಡಿದ ಈಥೇನ್ ಬಿಟ್ಟುಕೊಟ್ಟವು. ಟ್ರಾನ್ಸ್ ಸ್ಥಾನಗಳಿಗೆ ಕಟ್ಟಿಹಾಕಿದ ಸಂಕೀರ್ಣ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೂ ಕೊಡಲಿಲ್ಲ. ನೀವು ಗೌಣವೆಂದದ್ದು ಇದನ್ನು.

ಉಳಿದ ಪುಟಗಳ ಬಗ್ಗೆ ಸದ್ಯಕ್ಕೆ ಏನೂ ಹೇಳುವುದಿಲ್ಲ. ಎರಡನೆಯ ಪುಟದ ಚೌಕದ ಚಿತ್ರವನ್ನು ತೆಗೆದು, ಡಿಪಿಪಿಇ ಮತ್ತು ಡಿಪಿಪಿಎಫ್ ಸಂಕೀರ್ಣಗಳನ್ನು ಅಳತೆಯ ಕೋನಗಳ ಸಮೇತ ಅಕ್ಕಪಕ್ಕ ಬರೆದು ಕಳುಹಿಸಿದರೆ ಲೇಖನವನ್ನು ಮತ್ತೊಮ್ಮೆ ಓದುತ್ತೇನೆ.

— ಸಂಪಾದಕ